ಮಾವನ ಮೂಗು ಕಟ್ಟಿದ ದಿನ

ಹೊಸಪೇಟೆಯಲ್ಲಿ ದಿನವಿಡೀ ಮದ್ಯದ ಬಗ್ಗೆಯೇ ಯೋಚಿಸುವವರು ಯಾರು ಎಂದು ಪಂದ್ಯ ಕಟ್ಟಿದರೆ, ಊರಿನ ಕುಡುಕರನ್ನೆಲ್ಲ ಸಾಲಾಗಿ ಸೋಲಿಸಿ ಗೆಲ್ಲುವವರು ನಮ್ಮ ಸೋದರಮಾವ. ಅವರು ಒಂದು ಹನಿಯನ್ನೂ ಮುಟ್ಟುವುದಿಲ್ಲ ಎಂಬುದು ಬೇರೆ ಮಾತು!

ಮುಟ್ಟುವುದಿಲ್ಲ, ಮೂಸುತ್ತಾರೆ. ಮದುವೆಮನೆಯ ಪಾನಕವಿರಲಿ, ಬೀಗರು ಕೊಟ್ಟ ಮಜ್ಜಿಗೆಯಿರಲಿ, ಬಾಯಿಗೆ ಹೋಗುವ ಮುನ್ನ ಮೂಗಿನ ಕೆಳಗೆ ಹಾಜರಿ ಹಾಕಲೇಬೇಕು. ಮನೆಯಲ್ಲಿ ದೋಸೆ ಹಿಟ್ಟು ಉಬ್ಬಿ ಬಂದರೂ ಅನುಮಾನ. "ಹುಳಿ ಬಂದದ್ದು ಯಾವಾಗ ಯಾವ ಕಡೆ ತಿರುಗತೈತೋ ಹೇಳಾಕ ಬರಂಗಿಲ್ಲ," ಎಂದು ಒಮ್ಮೆ ತಟ್ಟೆ ಸರಿಸಿದರು. ಅತ್ತೆ ಸೌಟು ಹಿಡಿದೇ ಹೇಳಿದರು: "ದ್ವಾಸಿ ತಿಂದು ಗಟಾರಕ್ಕ ಬಿದ್ದವರನ್ನ ನಾ ಇನ್ನೂ ನೋಡಿಲ್ಲರಿ!"

ಪೆಟ್ರೋಲಿಗೂ ಸ್ಪಿರಿಟ್ ಬೆರೆಸುತ್ತಾರೆಂದು ತಿಳಿದ ದಿನ ಮಾವ ಸ್ಕೂಟರನ್ನು ತಳ್ಳಿಕೊಂಡೇ ಬಂಕಿನಿಂದ ಹೊರಬಂದರು.

"ಕುಡಿಯೂದು ಗಾಡಿ, ನೀವಲ್ಲಲ್ರಿ ಯಜಮಾನ್ರ," ಎಂದ ಬಂಕಿನವನು.

"ಮ್ಯಾಲ ಕುಂದ್ರಾವ ಯಾರಲೇ, ನಿಮ್ಮಪ್ಪನೇನು?"

ಮಾವ ಸರ್ಕಾರಿ ಬಸ್ಸಿನ ಚಾಲಕರಾಗಿದ್ದವರು. ಡಿಪೋದಲ್ಲಿ ಬಾಯಿ ಊದಿಸುವ ಯಂತ್ರ ತಂದರೆ ಉಳಿದ ಚಾಲಕರು ಮುಖ ಗಂಟಿಕ್ಕುತ್ತಿದ್ದರು. ಮಾವ ಮಾತ್ರ ಸಾಲಿನಲ್ಲಿ ಮೊದಲಿಗರು. ಒಂದು ಬೆಳಿಗ್ಗೆ ಆ ಯಂತ್ರ ಕೆಟ್ಟಿತ್ತಂತೆ. "ಊದಲಾರದ ನಾ ಗಾಡಿ ತಗಿಯಂಗಿಲ್ಲ," ಎಂದು ಕೂತುಬಿಟ್ಟರು. ಸಂಡೂರಿಗೆ ಹೊರಟಿದ್ದ ಪ್ರಯಾಣಿಕರೇ ಕೆಳಗಿಳಿದು, ಇವರ ಬಾಯಿ ಮೂಸಿ, "ಏನೂ ಇಲ್ರಿ ಅಣ್ಣಾರ, ನಡ್ರಿ," ಎಂದು ಸರ್ಟಿಫಿಕೇಟು ಕೊಟ್ಟ ಮೇಲೆ ಗೇರು ಬಿತ್ತು! ಕುಡಿಯದ ಮನುಷ್ಯನಿಗೆ ತನ್ನ ಮೇಲೇ ಯಾಕಿಷ್ಟು ಅನುಮಾನ? ಈ ಕಥೆ ಕೇಳಿದವರೆಲ್ಲ ನಗುತ್ತಿದ್ದರೇ ಹೊರತು ಈ ಪ್ರಶ್ನೆ ಯಾರೂ ಕೇಳಲಿಲ್ಲ. ಮಾವನ ಅಪ್ಪ, ಅಂದರೆ ನನ್ನ ತಾಯಿಯ ತಂದೆ, ಕುಡಿದೇ ಹೋದವರು ಎಂಬುದು ಗೊತ್ತಿತ್ತು. ಅದಕ್ಕೆ ಇವರಿಗೆ ಅಸಹ್ಯ ಎಂದು ನಾವು ತೀರ್ಮಾನಿಸಿದ್ದೆವು.

ಈ ಬೆಂಕಿಗೆ ತುಪ್ಪ ಸುರಿದವಳು ಬಳ್ಳಾರಿಯಲ್ಲಿ ಜೀವಶಾಸ್ತ್ರ ಓದುವ ನನ್ನ ಮಗಳು. ಮನುಷ್ಯರ ಚರ್ಮದಿಂದಲೋ ರಕ್ತದಿಂದಲೋ ಜೀವಕೋಶ ತೆಗೆದು, ಅದರಿಂದ ಮಿದುಳಿನ ಕೋಶ ಬೆಳೆಸಿ, ಮೇಲೆ ಆಲ್ಕೋಹಾಲು ಬಿಟ್ಟು ನೋಡುತ್ತಾರಂತೆ. ಒಬ್ಬೊಬ್ಬರ ವಂಶವಾಹಿ ಒಂದೊಂದು ಥರ. ಹಾಗಾಗಿ ಅದೇ ಹನಿಗೆ ಒಬ್ಬರ ಕೋಶ ಒಂದು ರೀತಿ ಉತ್ತರ ಕೊಟ್ಟರೆ ಇನ್ನೊಬ್ಬರದು ಬೇರೆಯೇ ರೀತಿ.

ಮಾವ ಎದ್ದು ಕೂತರು. "ಅಂದ್ರ ಎರಡು ಲಾರಿ, ಒಂದ ಕಂಪನಿ, ಒಂದ ಡೀಸೆಲ್. ಒಂದು ಸಂಡೂರ ಘಾಟು ಸುಮ್ಮನ ಹತ್ತತೈತಿ, ಇನ್ನೊಂದು ಹಾರಾಡತೈತಿ. ಹೌದಲ್ಲೇನವ್ವಾ?"

"ಹೌದಜ್ಜ. ಆದ್ರ ವಂಶ ಒಂದ ಕಾರಣ ಅಲ್ರಿ. ಹಣೆಬರಹ ಅಂತ ತಿಳ್ಕೋಬ್ಯಾಡ್ರಿ."

"ನಂದೂ ನೋಡ್ತಾರೇನು? ಹಿಮ್ಮಡದಾಗ ಬೇಕಾದಷ್ಟು ಚರ್ಮ ಐತಿ, ಒಂದು ತುಂಡು ಒಯ್ಯಿ!"

ನಾನು ಬಾಯಿ ಹಾಕಿದೆ. "ಕೋಶ ಗೀಶ ಬಿಡ್ರಿ ಮಾವ. ಮನಸ್ಸು ಗಟ್ಟಿ ಇದ್ರ ಒಂದು ಗ್ಲಾಸು ಏನ್ ಮಾಡೀತು? ನಾ ತಗೊಳ್ಳಂಗಿಲ್ಲೇನು?"

"ನಿಂದು ನಿಮ್ಮಪ್ಪನ ಎಂಜಿನ್ ಲೇ," ಎಂದವರೇ ಮಾತು ಮುಗಿಸಿದರು.

ಎಂಜಿನ್ ಎಂದಾಗ ನೆನಪಾಯಿತು. ನನ್ನದು ಹಳೆಯ ಟ್ರ್ಯಾಕ್ಟರು, ಲಾರಿ ಕೊಂಡು ಮಾರುವ ವ್ಯಾಪಾರ. ನಟ್ಟು ತಿರುಗಿಸುವ ಒಂದು ಪಾನಾ ಹಿಡಿದು ಶುರು ಮಾಡಿ ಈಗ ಸ್ವಂತ ಶೆಡ್ಡು ಕಟ್ಟಿದವನು, ಆದ್ದರಿಂದ ಕೇಳದಿದ್ದರೂ ಸಲಹೆ ಕೊಡುತ್ತೇನೆ. ಹಳೆ ಗಾಡಿ ಕೊಳ್ಳುವಾಗ ಬಣ್ಣ ನೋಡಬೇಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ನೋಡಿ. ಇನ್ನೊಂದು: ಮೊದಲು ದರ, ಆಮೇಲೆ ಗ್ಲಾಸು. ಅದು ಹಿಂದುಮುಂದಾದರೆ ನಿಮ್ಮನ್ನು ಆ ದೇವರೂ ಕಾಪಾಡಲಾರ!

ಗಾಡಿ ಓಡಿಸಿ ನೋಡುವುದಕ್ಕೆ ನಾನು ಮಾವನನ್ನೇ ಕರೆದೊಯ್ಯುತ್ತೇನೆ. ಹಾಗೆ ಮೊನ್ನೆ ಕಡ್ಡಿರಾಂಪುರಕ್ಕೆ ಹೋಗಿದ್ದೆವು. ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರನೊಬ್ಬ ತನ್ನ ಭತ್ತ ಕಟಾವಿನ ಮಷೀನು ಮಾರುವವನಿದ್ದ. ರಸ್ತೆ ಬದಿಯ ಹೋಟೆಲಿನ ಮುಂದೆ, ಬೇವಿನ ಮರದ ಕೆಳಗೆ ನಮ್ಮ ಬೈಠಕ್ಕು. ಮಾವನಿಗೆ ಅಂದು ಕೆಟ್ಟ ನೆಗಡಿ. ಕೆಮ್ಮಿನ ಸಿರಪ್ಪಿನ ಶೀಶೆಯನ್ನು ಕನ್ನಡಕ ಏರಿಸಿ ಓದಿ, "ಇದರಾಗ ಅದು ಐತಿ," ಎಂದು ಅತ್ತೆಗೇ ವಾಪಸು ಕೊಟ್ಟಿದ್ದರು. ಬರೀ ಕಷಾಯಕ್ಕೆ ಬಗ್ಗುವ ನೆಗಡಿಯಲ್ಲ ಅದು. ಮೂಗು ಎರಡೂ ಕಡೆ ಬಂದ್!

ಮಾವ ಮಷೀನು ಓಡಿಸಿ ಬಂದು ಕೂತರು. ದರ ಇನ್ನೇನು ಕುದುರುವುದರಲ್ಲಿತ್ತು. ಬೆವರಿದ್ದ ಮಾವನ ಮುಂದೆ ಸಾಹುಕಾರ ತಾನೇ ಹೋಗಿ ತಂದ ಕಿತ್ತಳೆ ಜ್ಯೂಸು ಇಟ್ಟ. ಇಟ್ಟವನು ನನ್ನ ತೊಡೆ ಚಿವುಟಿ ಕಣ್ಣು ಹೊಡೆದ.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಗ್ಲಾಸು ಮಾವನ ಮೂಗಿನ ಕೆಳಗಿತ್ತು. ಅಭ್ಯಾಸ, ಮೂಸಿದರು. ಆದರೆ ಮೂಗೆಂಬ ಕಾವಲುಗಾರ ಅಂದು ಮಲಗಿದ್ದ. "ಮಾವ, ತಡೀರಿ!" ಎಂದು ನಾನು ಕೂಗಿದ್ದಕ್ಕೂ ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿದ್ದಕ್ಕೂ ಸರಿಹೋಯಿತು.

"ಹೆಂಗೈತ್ರಿ ಯಜಮಾನ್ರ?" ಊರ ಬಾಯಲ್ಲಿ ಮಾವನ ಕಥೆ ಕೇಳಿದ್ದ ಸಾಹುಕಾರ ಹೊಟ್ಟೆ ಹಿಡಿದು ನಕ್ಕ. "ಮುರೀತಲ್ಲ ನಿಮ್ಮ ವ್ರತ!"

ಈಗ ಉಗುಳುತ್ತಾರೆ, ಈಗ ಮೇಜು ಮಗುಚುತ್ತಾರೆ, ಈಗ ಚಪ್ಪಲಿಗೆ ಕೈ ಹಾಕುತ್ತಾರೆ ಎಂದು ನಾನು ಕುರ್ಚಿ ಹಿಂದೆ ಸರಿಸಿದೆ. ಮಾವ ಅದೊಂದನ್ನೂ ಮಾಡಲಿಲ್ಲ. ಬಿಸಿಲಲ್ಲಿ ಬಹಳ ದೂರ ನಡೆದವನಿಗೆ ನೆರಳು ಸಿಕ್ಕಂತೆ ಅವರ ಮುಖ ಸಡಿಲವಾಯಿತು. ಆ ಮುಖವನ್ನು ನಾನು ಎಂದೂ ಕಂಡಿರಲಿಲ್ಲ. ಅಸಹ್ಯ? ಎಲ್ಲಿಯ ಅಸಹ್ಯ!

ಗ್ಲಾಸು ಮತ್ತೆ ಮೇಲೇಳತೊಡಗಿತು. ಗದ್ದದ ಹತ್ತಿರ ಬಂದು ನಿಂತಿತು. ತುಳುಕಿದ ಜ್ಯೂಸು ಅಂಗಿಯ ತೋಳಿಗಿಳಿಯಿತು.

"ಲೇ," ಎಂದರು, ನನ್ನ ಕಡೆ ನೋಡದೆ. "ಈ ಗ್ಲಾಸು ತಗೋ."

"ಕೆಳಗ ಇಟ್ಟುಬಿಡ್ರಿ ಮಾವ."

"ಇಡಾಕ ಆಗವಲ್ದು. ಕೈ ಬಿಡವಲ್ದು. ತಗೋ ಅಂದ್ನಲ್ಲ!"

ಜೀವಮಾನವೆಲ್ಲ ಸ್ಟೇರಿಂಗು ಹಿಡಿದ ಬೆರಳುಗಳು. ಒಂದೊಂದಾಗಿ ಬಿಡಿಸಬೇಕಾಯಿತು. ಸಾಹುಕಾರನ ನಗು ಎಲ್ಲೋ ನಡುವೆ ನಿಂತುಹೋಗಿತ್ತು. "ತಮಾಷಿಗಿ ಮಾಡಿದ್ನಿರಿ..." ಎಂದ. ಜ್ಯೂಸನ್ನು ಬೇವಿನ ಬುಡಕ್ಕೆ ಸುರಿದು, ಮಾವನನ್ನು ಕಾರಿಗೆ ಹತ್ತಿಸಿದೆ.

ಬಾಳೆ ತೋಟ ದಾಟುತ್ತಿದ್ದಂತೆ, "ನಿಲ್ಲಸು," ಎಂದರು. "ಮನೀಗೆ ಈಗ ಬ್ಯಾಡ. ದಾರ್ಯಾಗ ವೈನ್ ಶಾಪ್ ಐತಿ."

ಕಾಲುವೆ ಪಕ್ಕ ನಿಲ್ಲಿಸಿದೆ. ಮಾವ ನೀರು ನೋಡುತ್ತ ಹೇಳಿದರು: "ಮೀಸಿ ಮೂಡೋ ಹೊತ್ತಿನ್ಯಾಗ ಗೆಳೆಯರು ಒಂದು ಮುಚ್ಚಳ ಕುಡಿಸಿದ್ರು. ಅವರಿಗೆಲ್ಲ ಬರೇ ಕಹಿ. ನನಗ, ಕತ್ತಲ ಮನ್ಯಾಗ ಯಾರೋ ಲೈಟ್ ಹಾಕಿದಂಗಾತು. ಭಾಳ ಚಲೋ ಅನಿಸ್ತಲೇ. ಅದಕ್ಕ ಅಂಜಿದೆ. ಅಪ್ಪಗೂ ಹಿಂಗ ಆಗಿರಬೇಕು ಅನಿಸ್ತು."

ಕಾರಿನ ಗಾಜು ಪೂರ್ತಿ ಇಳಿಸಿದರು.

"ಇಷ್ಟು ವರ್ಷ ಶೆಡ್ಡಿನಾಗ ತಣ್ಣಗ ನಿಂತಿದ್ದ ಗಾಡಿ. ಒಂದ ಗುಟುಕಿಗೆ ಸ್ಟಾರ್ಟ್ ಆತು ನೋಡು." ಮೂಗು ಒರೆಸಿಕೊಂಡರು. ನೆಗಡಿಯೋ, ಮತ್ತೇನೋ. "ಅಪ್ಪಗ ಮನಸ್ಸು ಗಟ್ಟಿ ಇರಲಿಲ್ಲ ಅಂತಾರ ಎಲ್ಲರೂ. ನೀನೂ ಅಂತಿ. ಅವನ ಕೈಯಾಗಿನ ಗ್ಲಾಸು ತಗೊಳ್ಳಾಕ ಬಾಜೂಕ ಯಾರೂ ಇರಲಿಲ್ಲ, ಅಷ್ಟ."

ಊರಿಗೆಲ್ಲ ಸಲಹೆ ಹಂಚುವ ನಾನು ಕೀಲಿ ತಿರುಗಿಸಿ ಕಾರಿನ ಎಂಜಿನ್ ಆರಿಸಿದೆ.

ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಸಾಹುಕಾರ! ತಪ್ಪು ಮಾಡಿದವನು ತಾನಾಗಿ ಫೋನು ಮಾಡಿದನೆಂದರೆ ದರ ಕೇಳದೆಯೇ ಇಳಿಯುತ್ತದೆ. ವ್ಯಾಪಾರದಲ್ಲಿ ಇಂಥ ಗಳಿಗೆ ಮತ್ತೆ ಮತ್ತೆ ಬರುವುದಿಲ್ಲ. ಎತ್ತಬೇಕೆಂದು ಎಡಗೈ ಚಾಚಲು ಹೋದೆ. ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಗ್ಲಾಸಿನಿಂದ ನಾನು ಬಿಡಿಸಿದ್ದ ಆ ಬೆರಳುಗಳು ಯಾವಾಗಲೋ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.

ಫೋನು ಹೊಡೆದುಕೊಂಡು ಹೊಡೆದುಕೊಂಡು ತಾನೇ ಸುಮ್ಮನಾಯಿತು. ನಾನು ಕೈ ಬಿಡಿಸಿಕೊಳ್ಳಲಿಲ್ಲ.