ಖಂಡಪ್ಪನವರ ಮುಗಿಯದ ರಜೆ ಹಾಗೂ ಪ್ರೋಗ್ರಾಂ ಪರೀಕ್ಷೆಗಳ ಆಯ್ಕೆ ಕುರಿತು

ಉಪಾಹಾರ ಗೃಹಗಳ ಜಂಟಿ ಆಡಳಿತ ಕಚೇರಿ
(ರಜೆ ಮತ್ತು ಗಣಕಯಂತ್ರ ಶಾಖೆ)
ದಾದರ್, ಮುಂಬಯಿ

ಸುತ್ತೋಲೆ ಸಂಖ್ಯೆ: ಜಂಆಕ/ರಜೆ/ಗಣಕ/17/1973-74
ದಿನಾಂಕ: 12ನೇ ಅಕ್ಟೋಬರ್ 1973

ವಿಷಯ: ರಜೆ ಪಾಳಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಯಾವ ಪರೀಕ್ಷೆ ಮಾಡಬೇಕು, ಯಾವುದು ಬೇಡ, ಯಾವುದನ್ನು ಇನ್ನೊಮ್ಮೆ ಮಾಡಿದರೆ ಈ ಕಚೇರಿ ಸುಮ್ಮನಿರುವುದಿಲ್ಲ ಎಂಬ ಬಗ್ಗೆ.

ಉಲ್ಲೇಖ: (1) ಇದೇ ವಿಷಯದ ಹಿಂದಿನ ಸುತ್ತೋಲೆ (ಮಲಾಡ್ ಶಾಖೆಯಲ್ಲಿ ಬೋಂಡಾ ಕಟ್ಟಿಕೊಡಲು ಬಳಕೆಯಾಗಿದೆ).
(2) ಪಾತ್ರೆ ತೊಳೆಯುವ ವಿಭಾಗದ ಶ್ರೀ ಶೆಟ್ಟೆಪ್ಪನವರ ಮೌಖಿಕ ಅಹವಾಲು, ಪ್ರತಿದಿನ.

ಪೀಠಿಕೆ:

ದಾದರ್, ಮಲಾಡ್ ಹಾಗೂ ಘಾಟ್ಕೋಪರ್ ಶಾಖೆಗಳ ಸಿಬ್ಬಂದಿಯು ಊರಿಗೆ ಹೋಗುವ ರಜೆಯನ್ನು ಇಷ್ಟು ಕಾಲ ಮ್ಯಾನೇಜರರು ನಗುತ್ತಿರುವ ಹೊತ್ತು ನೋಡಿ ಕೇಳಿ ಪಡೆಯುತ್ತಿದ್ದರು. ಮಲಾಡಿನ ಮ್ಯಾನೇಜರರು ನಗುವುದನ್ನೇ ಬಿಟ್ಟ ಕಾರಣ, ಘಾಟ್ಕೋಪರಿನಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರಿನಲ್ಲಿ ಭಾನುವಾರ ಮಧ್ಯಾಹ್ನ ರಜೆ ಪಾಳಿ ತೆಗೆಯಲು ತೀರ್ಮಾನಿಸಲಾಯಿತು. ಸಂಜೆ ಕ್ಲಾಸಿಗೆ ಹೋಗಿ ಕಲಿತ ಕಾಫಿ ಕೌಂಟರಿನ ಶ್ರೀ ಸೀನ ಇವರು ಪ್ರೋಗ್ರಾಂ ಬರೆದರು. ನಿಯಮ ಸರಳ. ಎಲ್ಲರಿಗಿಂತ ಹಳಬನೂ ದೂರಿಲ್ಲದವನೂ ಆದ ನೌಕರನಿಗೆ ಮೊದಲ ರಜೆ. ಅವನು ವಾಪಸ್ ಬಂದ ಮೇಲೆ ಮುಂದಿನವನು.

ಪ್ರೋಗ್ರಾಂ ನಡೆಯುತ್ತದೋ ಇಲ್ಲವೋ ನೋಡಲು ಶ್ರೀ ಸೀನ ಇವರು ಖಂಡಪ್ಪ ಎಂಬ ನೌಕರನನ್ನು ತಲೆಯಿಂದಲೇ ಹುಟ್ಟಿಸಿ, ಸೇವೆಗೆ ಸೇರಿದ ವರ್ಷ 1901 ಎಂದು, ಯಂತ್ರವು ತೂತುಗಳಿಂದ ಓದಿಕೊಳ್ಳುವ ಕಾರ್ಡಿನಲ್ಲಿ, ತೂತು ಹೊಡೆಸಿದರು. ಪರೀಕ್ಷೆ ಮುಗಿದ ಮೇಲೆ ಆ ಕಾರ್ಡನ್ನು ತೆಗೆಯಲು ಮರೆತರು. ಹೀಗಾಗಿ ಶ್ರೀ ಖಂಡಪ್ಪನವರೇ ಎಲ್ಲರಿಗಿಂತ ಹಳಬರು. ಅವರ ಮೇಲೆ ಒಂದೇ ಒಂದು ದೂರಿಲ್ಲ. ಅವರಿಗೆ ರಜೆ ಮಂಜೂರಾಯಿತು. ಅವರು ಹೋಗಲೂ ಇಲ್ಲ, ಬರಲೂ ಇಲ್ಲ. ಬಾರದ ಹೊರತು ಮುಂದಿನವರ ಪಾಳಿ ಇಲ್ಲ.

ಆ ಮುಂದಿನವರೇ ಶ್ರೀ ಶೆಟ್ಟೆಪ್ಪ. ವಿಜಾಪುರದ ಕಡೆ ಅವರ ಊರಿನಲ್ಲಿ ಹೆಣ್ಣು ಕೂಸು ಹುಟ್ಟಿದ್ದು, ಅವರ ಪತ್ನಿ ಹನುಮವ್ವನವರು ಅಪ್ಪ ಬರುವ ತನಕ ತೊಟ್ಟಿಲಿಗೆ ಹಾಕುವುದಿಲ್ಲ, ಹೆಸರೂ ಇಡುವುದಿಲ್ಲ ಎಂದು ಹಟ ಹಿಡಿದಿರುತ್ತಾರೆ. "ಸಾಹೇಬ್ರ, ಇಲ್ಲದ ಮನಷ್ಯಾ ಊರಿಗೆ ಹ್ವಾದ. ಇರಾಂವ ನಾ ಇಲ್ಲೇ ತಾಟ್ ತಿಕ್ಕಾಕತ್ತೀನಿ. ನನ್ನ ಕೂಸಿಗೆ ಇನ್ನಾ ಹೆಸರಿಲ್ಲ, ಕೂಸು ಕೂಸು ಅಂತ ಕರೀತಾರ" ಎಂದು ಅವರು ಪಾತ್ರೆ ಕಿಟಕಿಯಿಂದ ದಿನಾ ಕೇಳುತ್ತಾರೆ. ಕೆಳಗೆ ಸಹಿ ಮಾಡಿರುವವರ ಮೇಜು ಆ ಕಿಟಕಿಯ ಎದುರಿಗೇ ಇದೆ ಎಂಬುದನ್ನು, ಸಂಕಟದಿಂದ, ದಾಖಲಿಸಲಾಗಿದೆ.

ಆದ್ದರಿಂದ ಪರೀಕ್ಷೆಗಳ ಆಯ್ಕೆ ಬಗ್ಗೆ ಈ ಕೆಳಗಿನಂತೆ ಕಟ್ಟಪ್ಪಣೆ ಮಾಡಲಾಗಿದೆ:

1. ಎಲ್ಲ ಪರೀಕ್ಷೆಗಳನ್ನೂ ಮಾಡಿಬಿಡೋಣ ಎಂದು ಯಾರೂ ಉತ್ಸಾಹ ತೋರಬಾರದು. ಯಂತ್ರ ಸಿಗುವುದು ಭಾನುವಾರ ಮಧ್ಯಾಹ್ನ ಮಾತ್ರ. ಅದರಲ್ಲಿ ಅರ್ಧ ಹೊತ್ತು ಲೋಕಲ್ ರೈಲು ತಪ್ಪಿಸಿಕೊಂಡವರ ಕಥೆ ಕೇಳುವುದರಲ್ಲೇ ಹೋಗುತ್ತದೆ. ತಪ್ಪಾದರೆ ಯಾರಿಗೆ ಎಷ್ಟು ತೊಂದರೆ ಎಂದು ಮೊದಲು ಕೇಳಿಕೊಂಡು, ಹೆಚ್ಚು ತೊಂದರೆ ಆಗುವ ಕಡೆಗೆ ಬೇಕಾದ ಪರೀಕ್ಷೆಯನ್ನು ಆರಿಸತಕ್ಕದ್ದು.

2. ಬಿಡಿ ಪರೀಕ್ಷೆ: ಪ್ರೋಗ್ರಾಮಿನ ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ನೋಡುವುದು. ಇಡ್ಲಿ, ಸಾಂಬಾರ್, ಚಟ್ನಿಗಳನ್ನು ಬೇರೆಬೇರೆಯಾಗಿ ರುಚಿ ನೋಡಿದಂತೆ ಎಂದು ತರಬೇತಿಯಲ್ಲಿ ಹೇಳಲಾಗಿತ್ತು. ಅದು ಉದಾಹರಣೆ ಮಾತ್ರ. ಹೆಡ್ ಕುಕ್ ಶ್ರೀ ಅಣ್ಣು ಇವರು ಪ್ರತಿ ಭಾನುವಾರ ಮೂರನ್ನೂ ಕ್ಯಾರಿಯರಿನಲ್ಲಿ ತಂದು ಪರೀಕ್ಷಿಸುವುದನ್ನು ನಿಲ್ಲಿಸತಕ್ಕದ್ದು.

3. ಕೂಡು ಪರೀಕ್ಷೆ: ರಜೆಯ ಭಾಗ ಮತ್ತು ಡ್ಯೂಟಿಯ ಭಾಗ ಒಟ್ಟಿಗೆ ಹೊಂದುತ್ತವೆಯೋ ನೋಡುವುದು. ಕಳೆದ ಸಲ ಇದನ್ನು ಬಿಟ್ಟಿದ್ದರಿಂದ ಯಂತ್ರದ ಪಟ್ಟಿಯಲ್ಲಿ ಖಂಡಪ್ಪನವರು ಊರಿನಲ್ಲೂ ಮಲಾಡಿನ ದೋಸೆಕಲ್ಲಿನ ಮುಂದೆಯೂ ಒಂದೇ ದಿನ ಇದ್ದರು. ಮಲಾಡಿನ ಮ್ಯಾನೇಜರರು ಆ ದಿನದ ದೋಸೆ ಚೆನ್ನಾಗಿತ್ತೆಂದು ಬರೆದು ಕಳಿಸಿದ್ದು ಈ ಕಚೇರಿಗೆ ಅರ್ಥವಾಗಿಲ್ಲ.

4. ಒತ್ತಡ ಪರೀಕ್ಷೆ: ಚೌತಿಯ ಮುಂಚೆ ಎಲ್ಲರೂ ಒಟ್ಟಿಗೆ ರಜೆ ಕೇಳಿದರೆ ಪ್ರೋಗ್ರಾಂ ತಡೆದುಕೊಳ್ಳುತ್ತದೆಯೇ ಎಂದು ನೋಡುವುದು. ಇದಕ್ಕಾಗಿ ಬರೆಯುವ ಸುಳ್ಳು ಅರ್ಜಿಗಳಲ್ಲಿ ತೀರಿಕೊಂಡ ಅಜ್ಜಿಯರ ಸಂಖ್ಯೆ ತಲಾ ಎರಡನ್ನು ಮೀರತಕ್ಕದ್ದಲ್ಲ. ಬದುಕಿರುವ ಅಜ್ಜಿಯ ಹೆಸರು ಬರೆಯುವವರು ಆಕೆಯ ಒಪ್ಪಿಗೆ ಪಡೆಯತಕ್ಕದ್ದು.

5. ಮರುಪರೀಕ್ಷೆ: ಒಂದು ಕಾರ್ಡ್ ತಿದ್ದಿದರೂ ಹಿಂದೆ ಸರಿಯಿದ್ದುದೆಲ್ಲ ಈಗಲೂ ಸರಿಯಿದೆಯೇ ಎಂದು ಮತ್ತೆ ನೋಡುವುದು. "ಒಂದೇ ಒಂದು ತೂತು ಅಲ್ವಾ ಮಾರಾಯ್ರೆ, ಎಂತ ಆಗ್ತದೆ?" ಎಂದು ಶ್ರೀ ಸೀನ ಇವರು ಹೇಳಿದ ಮರುವಾರವೇ ಘಾಟ್ಕೋಪರ್ ಶಾಖೆಯ ಅಷ್ಟೂ ಜನರಿಗೆ ಫೆಬ್ರವರಿ 30ರಿಂದ ರಜೆ ಮಂಜೂರಾಗಿತ್ತು. ಅವರಲ್ಲಿ ಕೆಲವರು ಈಗಲೂ ಆ ದಿನಕ್ಕಾಗಿ ಟ್ರಂಕು ಕಟ್ಟಿಟ್ಟುಕೊಂಡಿದ್ದಾರೆ.

6. ಯಂತ್ರದ ಮುಂದೆ ತೆಂಗಿನಕಾಯಿ ಒಡೆಯುವುದು ಪರೀಕ್ಷೆಯ ವಿಧಗಳಲ್ಲಿ ಬರುವುದಿಲ್ಲ. ಕಾಯಿಯ ನೀರು ಬಿದ್ದು ಉಬ್ಬಿದ ಕಾರ್ಡುಗಳನ್ನು ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಒಣಗಿಸುವುದೂ ಬರುವುದಿಲ್ಲ.

7. ಖಂಡಪ್ಪನವರ ಕಾರ್ಡನ್ನು ತೆಗೆದು ಬಿಸಾಡಬಹುದಲ್ಲ ಎಂದು ಹಲವರು ಕೇಳಿದ್ದಾರೆ. ರಜೆಯಲ್ಲಿರುವ ನೌಕರನನ್ನು ಕೆಲಸದಿಂದ ತೆಗೆಯಲು ನಿಯಮಾವಳಿಯಲ್ಲಿ ಅವಕಾಶವಿಲ್ಲ. ವಾಪಸ್ ಬಂದ ಮೇಲೆ ತೆಗೆಯಬಹುದು. ಅವರನ್ನು ಕರೆತರುವ ಹೊಣೆಯನ್ನು ಶ್ರೀ ಸೀನ ಇವರಿಗೆ ವಹಿಸಲಾಗಿತ್ತು. ಅವರು ಸ್ಟೇಶನ್ನಿಗೆ ಹೋಗಿ ಬರಿಗೈಯಲ್ಲಿ ಬಂದರು. ಬೀಳ್ಕೊಡುಗೆಗೆಂದು ಮಾಡಿದ್ದ ಮೈಸೂರು ಪಾಕನ್ನು ಶ್ರೀ ಅಣ್ಣು ಇವರು ತಾವೇ ತಿಂದು, ಖಂಡಪ್ಪನವರ ಪರವಾಗಿ ಸಹಿಯನ್ನೂ ಹಾಕಿರುತ್ತಾರೆ.

8. ಸ್ವೀಕಾರ ಪರೀಕ್ಷೆ: ಪ್ರೋಗ್ರಾಂ ಯಾರಿಗಾಗಿ ಇದೆಯೋ ಅವರೇ ಬಳಸಿ ನೋಡಿ ಹೌದು ಎನ್ನುವುದು. ಇದೊಂದನ್ನು ಈ ತನಕ ಯಾರೂ ಮಾಡಿಲ್ಲ. ರಜೆಯ ಪ್ರೋಗ್ರಾಂ ಬರೆದು ಇಷ್ಟು ತಿಂಗಳಾದರೂ ಒಬ್ಬನೇ ಒಬ್ಬ ಮನುಷ್ಯ ಊರಿಗೆ ಹೋಗಿಲ್ಲ ಎಂಬುದು ನಾಚಿಕೆಗೇಡು. ಆದ ಕಾರಣ ಮಿಕ್ಕೆಲ್ಲ ಪರೀಕ್ಷೆಗಳನ್ನು ಬದಿಗಿಟ್ಟು ಇದನ್ನೇ ಆರಿಸಲಾಗಿದೆ. ಶ್ರೀ ಶೆಟ್ಟೆಪ್ಪನವರು ಖಂಡಪ್ಪನವರ ರಜೆಯ ಮೇಲೆ, ಪರೀಕ್ಷಾರ್ಥವಾಗಿ, ಇಂದೇ ಊರಿಗೆ ಹೊರಡತಕ್ಕದ್ದು ಎಂದು ಈ ಮೂಲಕ ಆಜ್ಞಾಪಿಸಲಾಗಿದೆ.

9. ಪರೀಕ್ಷೆಯ ವಿಧಾನ: ಮನೆ ತಲುಪುವುದು. ಕೂಸನ್ನು ಎತ್ತಿಕೊಳ್ಳುವುದು. ತೊಟ್ಟಿಲಿಗೆ ಹಾಕಿ ಹೆಸರಿಡುವುದು. ಉಪಕಾರ ಸ್ಮರಣೆಗೆಂದು ಕೂಸಿಗೆ ಕಚೇರಿಯವರ ಹೆಸರನ್ನಾಗಲಿ ಖಂಡವ್ವ ಎಂದಾಗಲಿ ಇಡಕೂಡದು. ಈ ವಿಷಯದಲ್ಲಿ ಹನುಮವ್ವನವರ ಮಾತೇ ಅಂತಿಮ. ಕೂಸು ಅತ್ತರೆ ಅದನ್ನು ಪ್ರೋಗ್ರಾಮಿನ ದೋಷವೆಂದು ಪರಿಗಣಿಸಲಾಗುವುದಿಲ್ಲ.

10. ಶೆಟ್ಟೆಪ್ಪನವರು ಮರಳಿ ಬಂದ ದಿನ ಖಂಡಪ್ಪನವರು ಬಂದರೆಂದು ಕಾರ್ಡ್ ಹೊಡೆದು, ಅದೇ ಸಂಜೆ ಅವರನ್ನು ಸಕಲ ಗೌರವಗಳೊಂದಿಗೆ ನಿವೃತ್ತಗೊಳಿಸಲಾಗುವುದು. ಬೇಗ ಬರಬೇಕೆಂದು ಒತ್ತಾಯವೇನಿಲ್ಲ. ಅಲ್ಲಿಯ ತನಕ ತಾಟು ತಿಕ್ಕುವವರು ಯಾರೆಂದು ದಾದರಿನ ಮ್ಯಾನೇಜರರು ಕೇಳಿರುತ್ತಾರೆ. ಉತ್ತರ: ಶ್ರೀ ಸೀನ.

(ಸಹಿ)
ಗುರಲಿಂಗಪ್ಪ
ಅಧೀಕ್ಷಕರು, ರಜೆ ಮತ್ತು ಗಣಕಯಂತ್ರ ಶಾಖೆ

ಪ್ರತಿಗಳು:
1. ಮೂರೂ ಶಾಖೆಗಳ ಮ್ಯಾನೇಜರರಿಗೆ: ಇದರಲ್ಲಿ ಬೋಂಡಾ ಕಟ್ಟಬಾರದೆಂಬ ಕೋರಿಕೆಯೊಂದಿಗೆ.
2. ಕುಮಾರಿ ವಿನೋದಿನಿ, ಕಾರ್ಡ್ ತೂತು ಹೊಡೆಯುವವರು: ನಿವೃತ್ತಿಯ ಕಾರ್ಡನ್ನು ಈಗಲೇ ಹೊಡೆದಿಟ್ಟುಕೊಳ್ಳಲು.
3. ಶ್ರೀ ಅಣ್ಣು: ಮೈಸೂರು ಪಾಕ್ ಮತ್ತೊಮ್ಮೆ ಮಾಡಲು, ಈ ಸಲ ಕಟ್ಟಿ ಕೊಡಲು.
4. ಶ್ರೀ ಖಂಡಪ್ಪ: ವಿಳಾಸ ತಿಳಿದುಬಂದ ಕೂಡಲೇ.
5. ಶ್ರೀ ಶೆಟ್ಟೆಪ್ಪ: ಪಾತ್ರೆ ಕಿಟಕಿಯ ಮೂಲಕ ಕೈಗೇ ಕೊಡಲಾಗಿದೆ. ಓದುತ್ತಾ ನಿಲ್ಲಬಾರದು. ಕೈ ಒರೆಸಿಕೊಂಡು ಓಡಬೇಕು. ಊರಿನ ದಾರಿಯ ಸೋಲಾಪುರದ ಗಾಡಿ ದಾದರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.