ನಟರಾಜುವಿನ ಹೊಲದ ಮೇಲೊಂದು ಮೋಡ

ಷಡ್ಡಕ ಉದ್ಧಾರವಾದರೆ ಸಂತೋಷಪಡುವ ಗಂಡಸು ಗಾವಡಗೆರೆ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನು ನಟರಾಜು ಅಲ್ಲ. ಹೆಂಡತಿಯ ತಂಗಿಯ ಗಂಡ ವೀರಭದ್ರಸ್ವಾಮಿ ಹೊಸ ಬೈಕು ತಂದ ದಿನ ನಟರಾಜುವಿಗೆ ಎದೆಯುರಿ ಬಂದಿತ್ತು. (ಬೋಂಡಾ ತಿಂದಿದ್ದೇ ಕಾರಣ ಎಂದು ಅವನ ವಾದ.) ಮಾವ ಇಬ್ಬರು ಹೆಣ್ಣುಮಕ್ಕಳಿಗೂ ಅಕ್ಕಪಕ್ಕದ ಹೊಲಗಳನ್ನೇ ಬರೆದುಕೊಟ್ಟಿದ್ದರಿಂದ, ಷಡ್ಡಕನ ಏಳಿಗೆಯನ್ನು ದಿನವೂ ಬದುವಿನ ಮೇಲೆ ನಿಂತು ನೋಡುವ ಭಾಗ್ಯ ಅವನದು.

ಈ ಸಲದ ಏಳಿಗೆ ಎರಡಾಳೆತ್ತರದ್ದು. ಮೈಸೂರಿನಿಂದ ಕೃಷಿಯವರೂ ಸೋಲಾರಿನವರೂ ಜೊತೆಯಾಗಿ ಬಂದು, ಮೇಲೆ ಕರೆಂಟು ಕೆಳಗೆ ಶುಂಠಿ ಎಂಬ ಸಂಶೋಧನೆಗೆ ಊರಿನ ರೈತರನ್ನೂ ಸೇರಿಸಿಕೊಂಡರು. ವೀರಭದ್ರಸ್ವಾಮಿಯ ಹೊಲದಲ್ಲಿ ಕಂಬಗಳೆದ್ದು ಪ್ಯಾನೆಲ್‌ಗಳು ಕೂತವು. ಪಕ್ಕದ ನಟರಾಜುವಿನ ನಾಲ್ಕು ಮಡಿಗಳಲ್ಲಿ ಅದೇ ಶುಂಠಿ ಬರೀ ಬಿಸಿಲಿನಲ್ಲಿ ಬೆಳೆಯಬೇಕು. ಆಮೇಲೆ ಎರಡನ್ನೂ ಹೋಲಿಸಿ ನೋಡುವುದು. ನಟರಾಜುವಿನ ಪಾಲಿಗೆ ಬಂದದ್ದು ಗೂಟಕ್ಕೆ ಕಟ್ಟಿದ ಒಂದು ಪುಟ್ಟ ಡಬ್ಬಿ. ಅದು ಬಿಸಿಲನ್ನು ಅಳೆದು ಮೈಸೂರಿಗೆ ಕಳಿಸುತ್ತದಂತೆ.

ಮೊದಲು ಕರೆದಿದ್ದ ರೈತರ ಸಭೆಯಲ್ಲಿ ಸಂಶೋಧಕ ಚೇತನ್‌ಕುಮಾರ್ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಆದರೆ ನಟರಾಜುವಿನ ಕಣ್ಣು, ಕಿವಿ, ಪಂಚಪ್ರಾಣಗಳೆಲ್ಲ ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದ ಷಡ್ಡಕನ ಮೇಲಿದ್ದವು. "ಒಪ್ಪಿಗೆ ತಾನೇ ನಟರಾಜು ಅವ್ರೇ?" ಎಂದಾಗ, ಯಾವುದಕ್ಕೆಂದು ಗೊತ್ತಿಲ್ಲದೆಯೇ ಜೋರಾಗಿ ತಲೆಯಾಡಿಸಿದ್ದ.

ಮನೆಯಲ್ಲಿ ಹೆಂಡತಿ ಶಿವನಂಜಮ್ಮ ಉರಿಯುವ ಒಲೆಗೆ ಇನ್ನೊಂದು ಸೌದೆ ಇಟ್ಟಳು. "ಎಂಥಾ ತಂಪು ಅಂತೀರಿ! ಮಟಮಟ ಮಧ್ಯಾನ್ದಲ್ಲೂ ಆ ಪ್ಯಾನಲ್ ಅಡೀಲಿ ಕಳೆ ಕೀಳ್ಬೌದು. ನಮ್ ಈರಬದ್ರಪ್ಪ ಪುಣ್ಯ ಮಾಡವ್ನೆ ಕಣ್ರೀ."

"ಅಂಗಾರೆ ಅಲ್ಲೇ ಹೋಗಿರು."

"ಇರ್ತಿದ್ದೆ. ನಿಮ್ಗೆ ಮುದ್ದೆ ತಿರುವೋರ್ಯಾರು?"

"ನಮ್ ಸುಂಟಿ ಮುಂದೆ ಅವಂದೇನ್ ಮಹಾ?"

"ನಮ್ದು ಸುಟ್ಟ ಅಪ್ಳ ಆಗದೆ, ನೋಡೋಗ್ರಿ!"

ನೋಡಿದ. ಅವಳ ಮಾತು ನಿಜವಾಗಿತ್ತು. ಬದುವಿನ ಆಚೆ ಹಸಿರು, ಈಚೆ ಹಳದಿ. ಮುಂದೆ ತಾಲ್ಲೂಕಿನ ರೈತರೆಲ್ಲ ಬಂದು ಎರಡನ್ನೂ ನೋಡಿ ನಗುತ್ತಾರಲ್ಲ ಎಂದು ಅವನಿಗೆ ಅನ್ನ ಸೇರದಾಯಿತು. ಅಷ್ಟರಲ್ಲಿ ಪಿರಿಯಾಪಟ್ಟಣದಲ್ಲಿದ್ದ ಮಗಳು ಕಾಲು ಉಳುಕಿಸಿಕೊಂಡಳು. ಶಿವನಂಜಮ್ಮ ತಿಂಗಳ ಮಟ್ಟಿಗೆ ಅಲ್ಲಿಗೆ ಹೊರಟಳು. ನಟರಾಜುವಿಗೆ ಜ್ಞಾನೋದಯವಾಯಿತು.

ಕಾಡುಹಂದಿ ಬಾರದಂತೆ ಹೊಲದ ಸುತ್ತ ಹಳೇ ಸೀರೆ ಕಟ್ಟುವುದು ಆ ಕಡೆಯ ವಾಡಿಕೆ. ಸುತ್ತ ಕಟ್ಟುವ ಸೀರೆಯನ್ನು ಮೇಲೆ ಕಟ್ಟಿದರೆ? ಹಳೇ ಸೀರೆಗಳೆಲ್ಲ ಆಗಲೇ ಬೇಲಿಗೆ ಅರ್ಪಿತವಾಗಿದ್ದವು. ಉಳಿದವು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದ್ದವು. ವಿಜ್ಞಾನಕ್ಕಾಗಿ ತ್ಯಾಗ ಬೇಕಲ್ಲ! (ತ್ಯಾಗ ಹೆಂಡತಿಯದಾದರೆ ಇನ್ನೂ ಸುಲಭ.)

ಬೆಳಿಗ್ಗೆ ಕಟ್ಟುವುದು, ಸಂಜೆ ಬಿಚ್ಚುವುದು. ಶುಂಠಿ ನಿಜಕ್ಕೂ ಚೇತರಿಸಿಕೊಂಡು ಹಸಿರಾಯಿತು.

"ಏನಣ್ಣ, ಸೀರೆ ಮ್ಯಾಲಕ್ಕೆ ಕಟ್ಟಿದೀರಿ?" ಎಂದ ವೀರಭದ್ರಸ್ವಾಮಿ.

"ನವಿಲ್ ಕಾಟ ಕಣಪ್ಪ. ಅವು ಮ್ಯಾಲಿಂದ್ಲೇ ಬತ್ತವಲ್ಲ."

ತಿಂಗಳು ತುಂಬುವ ಹೊತ್ತಿಗೆ, ಹೇಳದೆ ಕೇಳದೆ ಜೀಪು ಬಂತು. ಚೇತನ್‌ಕುಮಾರ್ ಬದುವಿನ ಆಚೆ, ಪ್ಯಾನೆಲ್‌ಗಳ ಮರೆಯಲ್ಲೇ ಇಳಿದು, ಎದುರಿಗೆ ಓಡಿಬಂದ ನಟರಾಜುವಿನ ಕೈ ಹಿಡಿದುಕೊಂಡರು. "ಒಂದು ಸೋಜಿಗ ನಟರಾಜು ಅವ್ರೇ! ತಿಂಗಳಿಂದ ನಿಮ್ಮ ಹೊಲದ ಮೇಲೆ ಮಾತ್ರ ಮೋಡ. ಬದು ದಾಟಿದ್ರೆ ಬಿಸಿಲು. ಸಂಜೆಯಾದ್ರೆ ಮೋಡ ಮಾಯ. ಪ್ರೊಫೆಸರುಗಳೆಲ್ಲ ತಲೆ ಕೆಡಿಸ್ಕೊಂಡಿದಾರೆ."

"ದೇವ್ರ ಲೀಲೆ ಸಾ," ಎಂದ ನಟರಾಜು, ಬೆವರುತ್ತ.

ಆ ಹೊತ್ತಿಗೆ ಆಟೋ ಇಳಿದು ಮನೆಗೆ ಹೊರಟಿದ್ದ ಶಿವನಂಜಮ್ಮ, ಹೊಲದ ಕಡೆ ಕತ್ತೆತ್ತಿ ನೋಡಿದವಳು ಬ್ಯಾಗನ್ನು ಅಲ್ಲೇ ಬಿಟ್ಟು ಓಡಿಬಂದಳು. ಮೋಡದ ಮಾತು ಓಡಿಬರುವಾಗಲೇ ಅವಳ ಕಿವಿಗೆ ಬಿದ್ದಿತ್ತು. ಡಬ್ಬಿಯ ನೆತ್ತಿಯ ಮೇಲೆ, ಬಣ್ಣ ಹಾರಿ ಬೂದುಬಣ್ಣಕ್ಕೆ ತಿರುಗಿ ತೂಗುತ್ತಿತ್ತು ಅವಳ ಮದುವೆಯ ಸೀರೆ.

"ಮೋಡ ಅಲ್ಲ ಸಾ ಅದು! ನನ್ ಧಾರೆ ಸೀರೆ!"

ಚೇತನ್‌ಕುಮಾರ್ ಸೀರೆ ನೋಡಿದರು, ಡಬ್ಬಿ ನೋಡಿದರು, ಉಸಿರುಬಿಟ್ಟರು. "ಎಂಥ ಕೆಲ್ಸ ಮಾಡಿದ್ರಿ! ಈ ವರ್ಷ ಬಿಸಿಲಿನ ಬೆಳೆ ಹೇಗಿದೆಯೋ ಹಾಗೇ ಬಿಟ್ಟಿದ್ರೆ, ಬರೋ ವರ್ಷ ಎರಡನೇ ಸೆಟ್ ಪ್ಯಾನೆಲ್ ನಿಮ್ಮ ಹೊಲಕ್ಕೇ ಅಂತ ಸಭೇಲೇ ಹೇಳಿದ್ನಲ್ಲ? ನೀವೂ ತಲೆಯಾಡಿಸಿದ್ರಿ!"

ನಟರಾಜು ಸೀರೆಯ ಗಂಟು ಬಿಚ್ಚತೊಡಗಿದ. "ಈಗ ಸಾ?"

"ಈಗ ಬಿಸಿಲಿಗೆ ಬೇರೆ ಹೊಲ ಹುಡುಕ್ಬೇಕು."

"ನನ್ ಆಚೆ ತುಂಡ್ನಲ್ಲೂ ಸುಂಟಿ ಆಕಿವ್ನಿ ಸಾ," ಎಂದ ವೀರಭದ್ರಸ್ವಾಮಿ ಸಂಕೋಚದಿಂದ, "ಅದು ಬರೀ ಬಿಸ್ಲಲ್ಲೇ ಅದೆ."

ಹೀಗೆ ಎರಡನೇ ಸೆಟ್ಟೂ ಷಡ್ಡಕನಿಗೇ ನಿಕ್ಕಿಯಾಯಿತು. "ನಿಮ್ ಒಟ್ಟೆ ಉರೀಗೊಂದ್ ವೈರ್ ಎಳ್ದಿದ್ರೆ ಸಾಕಿತ್ತು, ಊರ್ಗೆಲ್ಲ ಕರೆಂಟ್ ಆಗೋದು," ಎಂದು ಶಿವನಂಜಮ್ಮ ಅಂದಿನಿಂದ ಮೂರು ಹೊತ್ತೂ ಮಂಗಳಾರತಿ ಎತ್ತಿದಳು.

ಈಗ ಮಧ್ಯಾಹ್ನವಾದರೆ ಅವಳು ತಂಗಿಯ ಜೊತೆ ಪ್ಯಾನೆಲ್‌ಗಳ ನೆರಳಿನಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಾಳೆ. ಈಚೆ ನಟರಾಜು ಒಬ್ಬನೇ ಕಳೆ ಕೀಳುತ್ತಾನೆ.

"ಅಣ್ಣ, ಬಿಸ್ಲು ಜಾಸ್ತಿ, ನೆರಳ್ಗೆ ಬನ್ನಿ," ಎಂದು ವೀರಭದ್ರಸ್ವಾಮಿ ನಿನ್ನೆಯೂ ಕರೆದ. ಆ ಒಳ್ಳೆಯತನವೇ ನಟರಾಜುವಿಗೆ ಬಿಸಿಲಿಗಿಂತ ಹೆಚ್ಚು ಚುರುಗುಟ್ಟಿತು. "ನಂಗೆ ಬಿಸ್ಲೇ ಇಷ್ಟ ಕಣಪ್ಪ," ಎಂದು ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಹೊದ್ದುಕೊಳ್ಳಲು ಹೋದ.

ನೆರಳಿನಿಂದ ಶಿವನಂಜಮ್ಮನ ದನಿ ಬಂತು. "ಟವಲ್ ತೆಗೀರಿ! ಬಿಸ್ಲಲ್ಲಿರೋದು ಎಂಗ್ ಬಾಡ್ತದೆ ಅಂತ ಓಲಿಸಿ ನೋಡ್ತಾವ್ನಿ. ಲೆಕ್ಕ ತಪ್ಪೋಯ್ತದೆ!"

ನಟರಾಜು ಟವೆಲ್ ತೆಗೆದ.