ಮಾವನ ಪುಡಿ, ಅಜ್ಜಿಯ ಬೋಂಡ

ನಮ್ಮ ಸೋದರಮಾವನಿಗೆ ಕಣ್ಣಿಗೆ ಕಾಣುವ ವಸ್ತುಗಳೆಂದರೆ ಅಷ್ಟಕ್ಕಷ್ಟೇ! ಚಿನಕುರಳಿ ಊರಿನ ನಮ್ಮ ಅಜ್ಜಿಮನೆಯ ಮುಂದೆ ಮಲಗಿದ್ದ ಎಮ್ಮೆಯನ್ನು ಎಡವಿ ಬಿದ್ದು, ಅದಕ್ಕೇ "ಸಾರಿ" ಹೇಳಿ ಎದ್ದು ಹೋದ ಮಹಾನುಭಾವ. ಕಾಣದ ವಸ್ತುವಿನ ಮಾತೆತ್ತಿ, ಆಗ ನೋಡಬೇಕು ಅವನ ಮುಖ!

ತೊಂಬತ್ತರ ದಶಕದ ಕೊನೆಯಲ್ಲಿ ಮಾವ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ. ಧೂಳಿಗಿಂತ ಎಷ್ಟೋ ಪಾಲು ಸಣ್ಣದಾದ ಅರೆವಾಹಕದ ಕಣ. ಅದಕ್ಕೆ ಕ್ವಾಂಟಮ್ ಚುಕ್ಕೆ ಎಂದು ಹೆಸರು. ಅದರೊಳಗೆ ಒಂದೆರಡು ಮ್ಯಾಂಗನೀಸ್ ಪರಮಾಣು ಸೇರಿಸಿದರೆ ಅವು ಪುಟಾಣಿ ಅಯಸ್ಕಾಂತಗಳಾಗುತ್ತವಂತೆ. ಚುಕ್ಕೆಯ ಗಾತ್ರ ಬದಲಿಸಿ ಆ ಅಯಸ್ಕಾಂತದ ಗುಣ ತಿದ್ದುವುದು ಇವನ ಕೆಲಸ.

ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಎದುರು ಕೂತಿದ್ದ ಯಜಮಾನರಿಗೆ ಇದನ್ನೆಲ್ಲ ವಿವರಿಸಿದ.

"ಅಂಗಾರೆ, ಸಣ್ಣ ಮಾಡುದ್ರೆ ಅದ್ರ ಬುದ್ಧಿ ಬದ್ಲಾಯ್ತದೆ ಅನ್ನಿ?"

"ಹೌದು, ಹೌದು!"

"ನಮ್ ಅಳೀಮಯ್ಯ ಒಬ್ಬ ಅವ್ನೆ ಸಾಮಿ, ಒಸಿ ನೋಡ್ತೀರಾ?"

ನಾಗಮಂಗಲಕ್ಕೆ ಹೆಣ್ಣು ನೋಡಲು ಹೋದಾಗಲೂ ಅದೇ ಪುರಾಣ. ಹುಡುಗಿಯ ತಂದೆ, "ಆ ಚುಕ್ಕೆ ಕಾಣ್ತದಾ?" ಎಂದರು. "ಬರಿಗಣ್ಣಿಗೆ ಕಾಣಲ್ಲ" ಎಂದ. "ಸಂಬ್ಳ?" "ಅದೂ ಸದ್ಯಕ್ಕೆ ಕಾಣಲ್ಲ." ಆಮೇಲೆ ಆ ಹುಡುಗಿಯೂ ಕಾಣಲಿಲ್ಲ!

ಒಂದು ಭಾನುವಾರ ಅವನು ಊರಿಗೆ ಬಂದಾಗ ಸಣ್ಣ ಬಾಟಲಿಯೊಂದು ಜೊತೆಗಿತ್ತು. ತಿಂಗಳುಗಟ್ಟಲೆ ಒದ್ದಾಡಿ ಮಾಡಿದ ಬಿಳಿಚು ಪುಡಿ. ಮರುದಿನ ಬೆಂಗಳೂರಿಗೆ ಒಯ್ದು ಅದರ ಅಯಸ್ಕಾಂತ ಗುಣ ಅಳೆಸಬೇಕಿತ್ತು. ಅಂಥದ್ದನ್ನು ಎಲ್ಲಿಟ್ಟ? ಅಡುಗೆಮನೆಯ ಗೂಡಿನಲ್ಲಿ, ಸೋಡಾಪುಡಿಯ ಪಕ್ಕ!

ಮಧ್ಯಾಹ್ನ ಅಜ್ಜಿ ಬೋಂಡ ಕರಿದರು. ನಾವೆಲ್ಲ ತಿಂದು ಕೈ ಒರೆಸಿಕೊಳ್ಳುವ ಹೊತ್ತಿಗೆ ಮಾವ ಗೂಡು ನೋಡಿದ. ಬಾಟಲಿ ಇಲ್ಲ! ಅಜ್ಜಿಯೂ ಇಲ್ಲ, ಹಾಲಿನ ಡೈರಿಗೆ ಹೋಗಿದ್ದರು.

"ಯಾರ್ಯಾರು ಬೋಂಡ ತಿಂದ್ರಿ? ಅದ್ರಲ್ಲಿ ಕ್ಯಾಡ್ಮಿಯಂ ಅದೆ, ವಿಷ ಕಣ್ರೋ!"

ಆ ಪುಡಿ ನೇರಳಾತೀತ ಬೆಳಕಿಗೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದಂತೆ. ಮಾವ ನಮ್ಮನ್ನು ಕತ್ತಲು ಕೋಣೆಗೆ ತಳ್ಳಿ, ಚೀಲದಿಂದ ಪ್ರಯೋಗದ ದೀಪ ತೆಗೆದು, ಉಳಿದಿದ್ದ ಬೋಂಡಕ್ಕೆ ಹಿಡಿದ. ನಾಲಗೆ ಚಾಚಿ ನಿಂತ ನಮಗೂ ಹಿಡಿದ. ಎಲ್ಲೂ ಕಿತ್ತಳೆಯಿಲ್ಲ! ತಾತನ ಪಂಚೆಯೊಂದು ಮಾತ್ರ ನೀಲಿಯಾಗಿ ಝಗಝಗಿಸಿತು.

"ಇದೇನ್ಲಾ, ನಾನ್ ಓಯ್ತಾ ಇದ್ದೀನಾ?" ತಾತ ಗೋಡೆ ಹಿಡಿದುಕೊಂಡರು.

"ಪಂಚೆ ಒಗ್ದ ಸೋಪಿನ ಪುಡಿ ಕಣಪ್ಪಾ, ಅದು ಅಂಗೇ ಒಳೆಯೋದು!"

ಎಲ್ಲರೂ ಉಸಿರು ಬಿಟ್ಟೆವು. ಆದರೆ ಬಾಟಲಿ ಇನ್ನೂ ಸಿಕ್ಕಿರಲಿಲ್ಲ. ಹಿಟ್ಟು ಕಲಸಿದ ಅಜ್ಜಿಯ ನಾಲಗೆ ಇನ್ನೂ ನೋಡಿರಲಿಲ್ಲವಲ್ಲ! ಮಾವ ಚಪ್ಪಲಿಯನ್ನೂ ಮೆಟ್ಟದೆ ಡೈರಿಯ ಕಡೆ ಓಡಿದ, ಹಿಂದೆಯೇ ನಾನು.

ಅಜ್ಜಿ ದಾರಿಯಲ್ಲೇ ಸಿಕ್ಕರು. ವಿಷಯ ಕೇಳಿ ನಕ್ಕು, ಸೊಂಟಕ್ಕೆ ಸಿಕ್ಕಿಸಿದ್ದ ಎಲೆಯಡಿಕೆ ಚೀಲದಿಂದ ಬಾಟಲಿ ತೆಗೆದರು.

"ಇಲಿ ಉರುಳಿಸ್ಬುಟ್ಟಾತು ಅಂತ ಮಡೀಕ್ಕಂಡಿದ್ದೆ ಕಣ್ಲಾ. ತಕ್ಕೋ, ನಿನ್ ಪರಾಣ."

ಮಾವ ಬಾಟಲಿಯತ್ತ ಕೈಯನ್ನೂ ಚಾಚಲಿಲ್ಲ. ಕಣ್ಣಿಗೆ ಕಾಣದ್ದನ್ನೇ ನೋಡುತ್ತ ಬದುಕಿದ್ದ ಆ ಮನುಷ್ಯ, ಬೀದಿ ನಡುವೆ ಅವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊದಲ ಸಲ ಕಂಡವನ ಹಾಗೆ ನೋಡುತ್ತ ನಿಂತುಬಿಟ್ಟ.